ಗೋಡೆ ಮೇಲಿನ ಹೆಬ್ಬೆಟ್ಟಿನ ಮೆಷಿನ್ನು ಯಾರನ್ನು ಹಿಡಿಯಿತು?

ಮಧುಗಿರಿಯ ಏಕಶಿಲಾ ಬೆಟ್ಟ ಗೊತ್ತಿಲ್ಲದವರು ಕಡಿಮೆ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಚನ್ನರಾಯನದುರ್ಗವನ್ನು ನೋಡಿದವರು ಅಷ್ಟಿಲ್ಲ. ಕೊರಟಗೆರೆ ತಾಲೂಕಿನ ಹೋಬಳಿ ಅದು. ಬೆಟ್ಟದ ಮೇಲೆ ಹಳೇ ಕೋಟೆ, ಕೆಳಗೆ ಹೊಲ, ತೋಟ, ಬೋರ್‌ವೆಲ್ಲು. ನಮ್ಮಜ್ಜಿಯ ಊರು ಆ ಸೀಮೆಯಲ್ಲೇ ಇದೆ.

ಕೆಲವು ವರ್ಷಗಳ ಹಿಂದೆ ಅಜ್ಜಿಗೆ ಬಿಪಿ ಮಾತ್ರೆ ಮುಗಿದಿತ್ತು ಅಂತ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ; ಅಂಥ ಕೇಂದ್ರ ಎಲ್ಲಿ ಬೇಕಾದರೂ ಇರಬಹುದು. ನಾನು ಸ್ಕೂಟರ್ ನಿಲ್ಲಿಸೋದ್ರೊಳಗೆ ಅಜ್ಜಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದಾಗಿತ್ತು. "ಡಾಕ್ಟ್ರು ಮೀಟಿಂಗಿಗೆ ಹೋಗವ್ರೆ ಕಣಪ್ಪ. ಸಿಸ್ಟರಮ್ಮ ಅವ್ರೆ, ಮಾತ್ರೆ ಕೊಡ್ತಾರೆ, ಬಾ" ಅಂದಳು. ಅವಳಿಗೇನೂ ಬೇಜಾರಿರಲಿಲ್ಲ. ಡಾಕ್ಟ್ರು ಇರೋದಿಲ್ಲ ಅನ್ನೋದು ಅವಳಿಗೆ ಮಳೆ ಬರೋದಿಲ್ಲ ಅನ್ನೋಷ್ಟೇ ಸಹಜ.

ಬಾಗಿಲ ಪಕ್ಕದ ಗೋಡೆಯಲ್ಲಿ ಹೆಬ್ಬೆಟ್ಟು ಒತ್ತುವ ಮೆಷಿನ್ನೊಂದಿತ್ತು. "ಇದ್ಯಾತಕ್ಕಪ್ಪ?" ಅಂತ ಅಜ್ಜಿ ಕೇಳಿದಳು. ನಾನು ಇಂಜಿನಿಯರಿಂಗ್ ಓದಿದ ಗತ್ತಿನಲ್ಲಿ ವಿವರಿಸಿದೆ. "ಡಾಕ್ಟ್ರು, ಸಿಸ್ಟರು ದಿನಾ ಬಂದ್ರೋ ಇಲ್ವೋ ಅಂತ ಇದು ಲೆಕ್ಕ ಇಡುತ್ತೆ ಅಜ್ಜಿ. ಮೇಲಿನವರಿಗೆಲ್ಲ ಗೊತ್ತಾಗುತ್ತೆ."

ಅಜ್ಜಿ ಒಂದೇ ಮಾತು ಕೇಳಿದಳು: "ಅವ್ರಿಗೆ ಗೊತ್ತಾದ್ರೆ ನಮಗೇನಾಯ್ತದೆ?"

ವೀಕ್ಷಕರೇ, ಇವತ್ತು ನಾನು ನಿಮ್ಮ ಮುಂದೆ ಇಡೋದು ಈ ಒಂದು ಪ್ರಶ್ನೆಯನ್ನೇ. ಆರೋಗ್ಯ ಇಲಾಖೆಯಲ್ಲಿ ಪ್ರತಿ ವರ್ಷ ನೂರಾರು ನಿರ್ಧಾರ ಆಗುತ್ತೆ. ಮೆಷಿನ್ ಕೊಳ್ಳೋದು, ಯೋಜನೆ ಘೋಷಿಸೋದು, ಕಟ್ಟಡ ಕಟ್ಟೋದು. ಎಮ್ಮೆಲ್ಲೆ ಬರ್ತಾರೆ, ಟೇಪು ಕತ್ತರಿಸ್ತಾರೆ, ನಾವು ಕ್ಯಾಮೆರಾ ಹಿಡಿದುಕೊಂಡು ಹೋಗ್ತೀವಿ. ಎಷ್ಟು ಕೋಟಿ ಖರ್ಚಾಯ್ತು ಅನ್ನೋದು ನಮಗೆ ಗೊತ್ತು. ಅದರಿಂದ ಯಾರ ಜೀವ ಉಳಿಯಿತು, ಯಾರ ಕಾಯಿಲೆ ವಾಸಿಯಾಯ್ತು ಅನ್ನೋದು? ಅದನ್ನ ಲೆಕ್ಕ ಹಾಕೋರು ಯಾರು?

ಖುಷಿ ವಿಷಯ ಏನಂದ್ರೆ, ನಮ್ಮ ಕರ್ನಾಟಕದಲ್ಲೇ ಕೆಲವು ಸಲ ಆ ಲೆಕ್ಕ ಹಾಕಿದ್ದಾರೆ. ಬೇಜಾರಿನ ವಿಷಯ ಏನಂದ್ರೆ, ಆ ಲೆಕ್ಕದ ಬಗ್ಗೆ ನಾವ್ಯಾರೂ ಮಾತಾಡಿಲ್ಲ.

ಮೊದಲು ಆ ಹೆಬ್ಬೆಟ್ಟಿನ ಮೆಷಿನ್ನಿನ ಕಥೆಯನ್ನೇ ಹೇಳ್ತೀನಿ.

2010ರ ಆಸುಪಾಸು. ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಇರೋದಿಲ್ಲ ಅನ್ನೋ ದೂರು ಎಲ್ಲ ಕಡೆಯಿಂದ ಬರ್ತಿತ್ತು. ರಾಜ್ಯ ಸರ್ಕಾರ ಬೆರಳಚ್ಚಿನ ಹಾಜರಿ ತರೋಣ ಅಂತ ಯೋಚಿಸಿತು. ಸಾಮಾನ್ಯವಾಗಿ ಇಲ್ಲಿ ಆಗೋದೇನು? ಟೆಂಡರ್ ಕರೀತಾರೆ, ರಾಜ್ಯದಾದ್ಯಂತ ಒಂದೇ ಸಲ ಮೆಷಿನ್ ಹಾಕ್ತಾರೆ, ಮುಂದಿನ ಬಜೆಟ್ ಭಾಷಣದಲ್ಲಿ ಒಂದು ಸಾಲು ಸೇರುತ್ತೆ. ಆದರೆ ಈ ಸಲ ಹಾಗೆ ಮಾಡಲಿಲ್ಲ. ಐದು ಜಿಲ್ಲೆಗಳಲ್ಲಿ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಟ್ಟಿ ಮಾಡಿದರು. ಲಾಟರಿ ಎತ್ತಿದ ಹಾಗೆ 140 ಕೇಂದ್ರಗಳನ್ನು ಆರಿಸಿ ಅಲ್ಲಿ ಮಾತ್ರ ಮೆಷಿನ್ ಹಾಕಿದರು. ಉಳಿದ 182 ಕೇಂದ್ರಗಳು ಇದ್ದ ಹಾಗೇ ಇದ್ದವು. ಇದನ್ನು ಅಧ್ಯಯನ ಮಾಡಿದವರು ಇಬ್ಬರು. ಒಬ್ಬರು ಹಿಂದೆ ಐಎಎಸ್ ಅಧಿಕಾರಿಯಾಗಿದ್ದ ಇಕ್ಬಾಲ್ ಧಲಿವಾಲ್. ಇನ್ನೊಬ್ಬರು ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ರೇಮಾ ಹನ್ನಾ.

ಲಾಟರಿ ಯಾಕೆ? ನೋಡಿ, ಇಲ್ಲೇ ಇರೋದು ಸೂಕ್ಷ್ಮ. ಒಳ್ಳೇ ಟಿಎಚ್‌ಒ ಇರುವ ತಾಲೂಕಿಗೆ ಮೊದಲು ಮೆಷಿನ್ ಕೊಟ್ಟರೆ ಅಲ್ಲಿ ಹಾಜರಿ ಚೆನ್ನಾಗಿರುತ್ತೆ. ಆದರೆ ಅದು ಮೆಷಿನ್ನಿನಿಂದಲೋ, ಆ ಅಧಿಕಾರಿಯಿಂದಲೋ ಅಂತ ಹೇಳೋಕಾಗಲ್ಲ. ಲಾಟರಿ ಎತ್ತಿದರೆ ಒಳ್ಳೇ ಕೇಂದ್ರ, ಕೆಟ್ಟ ಕೇಂದ್ರ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತೆ. ಆಮೇಲೆ ಕಾಣಿಸೋ ವ್ಯತ್ಯಾಸ ಮೆಷಿನ್ನಿನದ್ದೇ. ನಮ್ಮ ರೈತರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಹೊಸ ಗೊಬ್ಬರ ಬಂದರೆ ಇಡೀ ಹೊಲಕ್ಕೆ ಸುರಿಯೋದಿಲ್ಲ. ನಾಲ್ಕು ಸಾಲಿಗೆ ಹಾಕ್ತಾರೆ, ಪಕ್ಕದ ನಾಲ್ಕು ಸಾಲು ಹಾಗೇ ಬಿಡ್ತಾರೆ, ಫಸಲು ನೋಡ್ತಾರೆ.

ಹಾಗಾದ್ರೆ ಫಸಲು ಏನು ಬಂತು?

ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ – ಇವರ ಹಾಜರಿ ಸುಮಾರು ಶೇ. 18ರಷ್ಟು ಹೆಚ್ಚಾಯಿತು. ಡಾಕ್ಟರ ಹಾಜರಿ? ಹೇಳಿಕೊಳ್ಳುವಂಥ ಬದಲಾವಣೆ ಏನೂ ಇಲ್ಲ.

ಇನ್ನೊಂದು ಸಲ ಯೋಚನೆ ಮಾಡಿ. ಮೆಷಿನ್ ತಂದಿದ್ದು ಮುಖ್ಯವಾಗಿ ಡಾಕ್ಟರು ಇರೋದಿಲ್ಲ ಅನ್ನೋ ದೂರಿಗೆ. ಅದು ಹಿಡಿದದ್ದು ಸಿಸ್ಟರಮ್ಮನನ್ನು. ಮೊದಲೇ ಅಷ್ಟೋ ಇಷ್ಟೋ ಬರ್ತಿದ್ದವರು ಇನ್ನಷ್ಟು ಬಂದರು. ಬರದೇ ಇದ್ದವರು ಬರಲಿಲ್ಲ. ಯಾಕೆ? ಹಾಜರಿ ಕಡಿಮೆ ಇದ್ದರೆ ರಜೆ ಕಡಿತ ಮಾಡಬೇಕು ಅಂತ ನಿಯಮ ಇತ್ತು. ಆ ನಿಯಮವನ್ನು ಕೊನೇವರೆಗೂ ಜಾರಿ ಮಾಡೋಕೆ ಮೇಲಿನವರ ಕೈಯಲ್ಲಾಗಲಿಲ್ಲ. ಹಳ್ಳಿಗೆ ಬರುವ ಡಾಕ್ಟರೇ ಕಡಿಮೆ. ಇರೋ ಒಬ್ಬರ ಮೇಲೆ ಬಿಗಿ ಮಾಡಿದರೆ ಅವರೂ ಕೆಲಸ ಬಿಟ್ಟು ಹೋದರೆ ಅನ್ನೋ ಭಯ. ನೋಟಿಸ್ ಕೊಡೋಕೂ ಒಂದು ಧೈರ್ಯ ಬೇಕಲ್ಲ. ಆ ಧೈರ್ಯ ಮೆಷಿನ್ ಜೊತೆಗೆ ಬರೋದಿಲ್ಲ.

ಇಷ್ಟು ಕೇಳಿದ ತಕ್ಷಣ "ಹಾಗಾದ್ರೆ ದುಡ್ಡು ದಂಡ" ಅಂತ ನಾವು ಬ್ರೇಕಿಂಗ್ ನ್ಯೂಸ್ ಹಾಕಿಬಿಡ್ತೀವಿ. ಸ್ವಲ್ಪ ತಡೀರಿ. ಕಥೆ ಇನ್ನೂ ಇದೆ.

ಆ ಅಧ್ಯಯನ ಬರೀ ಹಾಜರಿ ಎಣಿಸಿ ಸುಮ್ಮನಾಗಲಿಲ್ಲ. ಆ ಕೇಂದ್ರಗಳ ವ್ಯಾಪ್ತಿಯ ತಾಯಂದಿರ ಮನೆಗೆ ಹೋಗಿ, ಮಕ್ಕಳ ಹುಟ್ಟು ತೂಕವನ್ನೂ ವಿಚಾರಿಸಿತು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅಪಾಯ ಹೆಚ್ಚು ಅಂತ ಪ್ರತಿ ಆಶಾ ಕಾರ್ಯಕರ್ತೆಗೂ ಗೊತ್ತು. ಮೆಷಿನ್ ಇದ್ದ ಕೇಂದ್ರಗಳ ಕಡೆ ಅಂಥ ಕಡಿಮೆ ತೂಕದ ಮಕ್ಕಳು ಹುಟ್ಟುವ ಸಂಭವ ಶೇ. 26ರಷ್ಟು ಕಡಿಮೆಯಾಗಿತ್ತು! ಡಾಕ್ಟರು ಜಾಸ್ತಿ ಬರದೇ ಇದ್ದರೂ ಇದಾಯ್ತು. ನರ್ಸ್ ಇದ್ದರೆ ಗರ್ಭಿಣಿಯ ತಪಾಸಣೆ ಆಗುತ್ತೆ, ಲ್ಯಾಬಿನವರಿದ್ದರೆ ರಕ್ತ ಪರೀಕ್ಷೆ ಆಗುತ್ತೆ, ಫಾರ್ಮಸಿಸ್ಟ್ ಇದ್ದರೆ ಕಬ್ಬಿಣದ ಮಾತ್ರೆ ಕೈಗೆ ಸಿಗುತ್ತೆ. ಅಂದ್ರೆ ನಾವು ಗಮನಿಸದೇ ಇರುವ ಸಿಬ್ಬಂದಿ ಸಮಯಕ್ಕೆ ಕುರ್ಚಿಯಲ್ಲಿ ಕೂತಿದ್ದರೂ ಮಗುವಿನ ತೂಕದಲ್ಲಿ ಅದು ಕಾಣಿಸಬಹುದು.

ಇನ್ನೂ ಒಂದು ತಿರುವು ಇದೆ. ಆ ಊರುಗಳ ಹೆಂಗಸರು ಹೆರಿಗೆಗೆ ಅದೇ ಸಣ್ಣ ಕೇಂದ್ರಕ್ಕೆ ಹೆಚ್ಚು ಹೋಗಲಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗೆ, ಖಾಸಗಿ ಆಸ್ಪತ್ರೆಗೆ ಹೋಗೋದು ಜಾಸ್ತಿಯಾಯಿತು. ಸಿಬ್ಬಂದಿಗೆ ಕೆಲಸದ ಬಗ್ಗೆ ಇದ್ದ ಸಮಾಧಾನ ಕಡಿಮೆಯಾಯಿತು. ಈಗ ಹೇಳಿ, ಈ ಯೋಜನೆ ಗೆದ್ದಿತೋ ಸೋತಿತೋ? ಟಿವಿ ಚರ್ಚೆಯಲ್ಲಿ ಈ ಕಡೆ ಒಬ್ಬರು, ಆ ಕಡೆ ಒಬ್ಬರು ಕೂತು ಕೂಗಾಡಿದರೆ ಇದು ಇತ್ಯರ್ಥ ಆಗೋದಿಲ್ಲ. ಒಂದು ಕಡೆ ಕೆಲಸ ಮಾಡಿತು, ಇನ್ನೊಂದು ಕಡೆ ಮಾಡಲಿಲ್ಲ. ಹಾಗಾಗಿ ನರ್ಸ್‌ಗಳ ವಿಷಯದಲ್ಲಿ ಅದನ್ನು ಮುಂದುವರಿಸಬೇಕು, ಡಾಕ್ಟರ ವಿಷಯದಲ್ಲಿ ಬೇರೇನಾದರೂ ಹುಡುಕಬೇಕು. ಇರೋಕೆ ಯೋಗ್ಯವಾದ ಕ್ವಾರ್ಟರ್ಸ್ ಇದೆಯಾ? ಮಕ್ಕಳಿಗೆ ಶಾಲೆ ಇದೆಯಾ? ಇನ್ನೆಷ್ಟು ವರ್ಷ ಇಲ್ಲಿರಬೇಕು ಅಂತ ಅವರಿಗೆ ಖಚಿತವಾಗಿ ಹೇಳಿದ್ದೀವಾ? ಸಾಕ್ಷ್ಯ ನೋಡಿ ನಿರ್ಧಾರ ಮಾಡೋದು ಅಂದ್ರೆ ಇದು. ಹೌದು–ಅಲ್ಲ ಅಂತ ತೀರ್ಪು ಕೊಟ್ಟು ಎದ್ದು ಹೋಗೋದಲ್ಲ.

ಇಂಥದ್ದೇ ಪ್ರಯತ್ನ ಅದಕ್ಕೂ ಮೊದಲು ರಾಜಸ್ಥಾನದ ಉದಯಪುರದಲ್ಲಿ ನಡೆದಿತ್ತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅದನ್ನು ಅಧ್ಯಯನ ಮಾಡಿದ್ದರು. ನರ್ಸ್‌ಗಳ ಹಾಜರಿಗೆ ಸಮಯದ ಮುದ್ರೆ ಒತ್ತುವ ವ್ಯವಸ್ಥೆ ತಂದರು. ಮೊದಲ ತಿಂಗಳುಗಳಲ್ಲಿ ಅದ್ಭುತ ಫಲಿತಾಂಶ. ಹದಿನಾರು ತಿಂಗಳಾಗೋದ್ರೊಳಗೆ ಎಲ್ಲ ಮೊದಲಿನಂತೆ! ಏನಾಗಿತ್ತು ಅಂದ್ರೆ, "ಮೀಟಿಂಗ್ ಇತ್ತು, ಸರ್ವೆ ಇತ್ತು" ಅಂತ ಮೇಲಧಿಕಾರಿಗಳೇ ವಿನಾಯಿತಿ ಕೊಡುತ್ತಾ ಹೋದರು. ಮೂರೇ ತಿಂಗಳಿಗೆ ಲೆಕ್ಕ ಮುಗಿಸಿದ್ದರೆ ಅದು ಯಶಸ್ಸಿನ ಕಥೆಯಾಗಿ ಪಠ್ಯಪುಸ್ತಕಕ್ಕೇ ಹೋಗ್ತಿತ್ತು. ನಮ್ಮಲ್ಲಿ "ನೂರು ದಿನದ ಸಾಧನೆ" ಅಂತ ಜಾಹೀರಾತು ಬರುತ್ತಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಉದಯಪುರ ನೆನಪಾಗುತ್ತೆ.

ಈಗ ಒಂದು ಸಂದೇಹ ಬರಬಹುದು. ಪ್ರತಿ ಸಲ ಲಾಟರಿ ಎತ್ತೋಕೆ ಆಗುತ್ತೇನ್ರೀ? ಹಾರ್ಟ್ ಆಪರೇಷನ್ ಬೇಕಾದವರಿಗೆ ನಿಮಗೆ ಲಾಟರಿ ಹೊಡೀಲಿಲ್ಲ ಅಂತ ಹೇಳೋಕಾಗುತ್ತಾ? ಆಗೋದಿಲ್ಲ. ಆದರೆ ಕೆಲವು ಸಲ ಭೂಪಟದ ಗೆರೆಯೇ ಆ ಕೆಲಸ ಮಾಡುತ್ತೆ. ಇದನ್ನು ಪಾವಗಡದವರಿಗಿಂತ ಚೆನ್ನಾಗಿ ಯಾರೂ ಅರ್ಥ ಮಾಡಿಕೊಳ್ಳಲಾರರು. ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡದ ಸುತ್ತ ಬಹುಪಾಲು ಆಂಧ್ರವೇ. ಗೆರೆಯ ಆ ಕಡೆ, ಈ ಕಡೆ ಒಂದೇ ಬಂಡೆ, ಒಂದೇ ಬಿಸಿಲು, ಒಂದೇ ಬೆಳೆ. ಎಷ್ಟೋ ಮನೆಗಳಲ್ಲಿ ಹೆಣ್ಣು ಕೊಟ್ಟು ತಂದ ಸಂಬಂಧ. ಬೇರೆ ಇರೋದು ಸರ್ಕಾರ ಮಾತ್ರ. ಆ ಕಡೆ 2007ರಲ್ಲೇ ಬಡವರ ಆಪರೇಷನ್‌ಗೆ ಆರೋಗ್ಯಶ್ರೀ ಯೋಜನೆ ಬಂತು. ಈ ಕಡೆಯವರು ಕಾಯಬೇಕಾಯ್ತು.

ನಮ್ಮ ರಾಜ್ಯದ ಒಳಗೂ ಅಂಥದ್ದೊಂದು ಗೆರೆ ಎದ್ದಿತು. ವಾಜಪೇಯಿ ಆರೋಗ್ಯಶ್ರೀ ನೆನಪಿದೆಯಾ? ಬಿಪಿಎಲ್ ಕುಟುಂಬಕ್ಕೆ ಹೃದಯ, ಕಿಡ್ನಿ, ಕ್ಯಾನ್ಸರ್, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆ ಉಚಿತ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. 2010ರಲ್ಲಿ ಅದು ಉತ್ತರ ಕರ್ನಾಟಕದಲ್ಲಿ ಶುರುವಾಯಿತು. ದಕ್ಷಿಣದ ಜಿಲ್ಲೆಗಳಿಗೆ ಆಮೇಲೆ ಬಂತು. ಹಾಗಾಗಿ ಒಂದೆರಡು ವರ್ಷ ರಾಜ್ಯದ ನಡುವೆ ಒಂದು ಗೆರೆ ಇತ್ತು: ಈ ಹಳ್ಳಿಗೆ ಯೋಜನೆ ಇದೆ, ಆ ಹಳ್ಳಿಗೆ ಇಲ್ಲ.

ಸಂಶೋಧಕರು ಇದನ್ನೇ ಉಪಯೋಗಿಸಿಕೊಂಡರು. ಗೆರೆಯ ಒಂದು ಕಡೆ ಯೋಜನೆ ಇದ್ದ 300 ಹಳ್ಳಿ, ಇನ್ನೊಂದು ಕಡೆ ಅವನ್ನೇ ಹೋಲುವ 272 ಹಳ್ಳಿ. ಒಟ್ಟು ಸುಮಾರು 60 ಸಾವಿರ ಮನೆಗಳಿಗೆ ಹೋಗಿ ಯಾರು ತೀರಿಹೋದರು, ಯಾವ ಕಾಯಿಲೆಯಿಂದ ಅಂತ ಕೇಳಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಆದ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚು ಕೂಡ ಇಳಿದಿತ್ತು.

"ಆ ಕಡೆ ಹವಾ ನೀರು ಚೆನ್ನಾಗಿತ್ತೇನೋ, ಒಳ್ಳೇ ಆಸ್ಪತ್ರೆ ಇತ್ತೇನೋ" ಅಂತ ಅನುಮಾನ ಪಡಬಹುದು. ಪಡಲೇಬೇಕು. ಅದಕ್ಕೂ ಒಂದು ಪರೀಕ್ಷೆ ಇಟ್ಟಿದ್ದರು. ಎಪಿಎಲ್ ಕುಟುಂಬಗಳಿಗೆ ಎರಡೂ ಕಡೆ ಯೋಜನೆ ಅನ್ವಯಿಸ್ತಿರಲಿಲ್ಲ. ಹವಾ ನೀರಿನ ಕಾರಣ ಆಗಿದ್ದರೆ ಅವರಲ್ಲೂ ವ್ಯತ್ಯಾಸ ಕಾಣಬೇಕಿತ್ತು. ಕಾಣಲಿಲ್ಲ. ಬಿಪಿಎಲ್ ಕಾರ್ಡಿನ ಮನೆಗಳಲ್ಲಿ ಮಾತ್ರ ಕಂಡಿತು. ಯೋಜನೆ ಯಾವ ಪಕ್ಷದ್ದು, ಹೆಸರು ಯಾರದ್ದು ಅಂತ ನಾವು ಗಂಟೆಗಟ್ಟಲೆ ಚರ್ಚೆ ಮಾಡಿದ್ದೀವಿ. ಈ 64 ಅನ್ನೋ ಅಂಕಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದು ನನಗಂತೂ ನೆನಪಿಲ್ಲ. ಹೆಸರು ಬದಲಾಗುತ್ತೆ, 2018ರಲ್ಲಿ ಇದೆಲ್ಲ ಆರೋಗ್ಯ ಕರ್ನಾಟಕ ಅಂತ ಆಯ್ತು. ಆದರೆ ಹಳ್ಳಿಗೇ ಹೋಗಿ ಶಿಬಿರ ಮಾಡಿ ರೋಗಿಗಳನ್ನು ಹುಡುಕಿ ದೊಡ್ಡ ಆಸ್ಪತ್ರೆಗೆ ಕಳಿಸುವ ಪದ್ಧತಿ ಆ ಯೋಜನೆಯಲ್ಲಿತ್ತಲ್ಲ, ಅದು ಹೆಸರಿನ ಜೊತೆಗೇ ಕಳೆದುಹೋಗಬಾರದು. ಅದನ್ನು ಕೇಳಬೇಕಾದವರು ನಾವು.

ಇನ್ನೊಂದು ಕಥೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಇದು ಎಚ್ಚರಿಕೆಯ ಕಥೆ. ಹೆರಿಗೆ ಕೋಣೆಯಲ್ಲಿ ಕೈ ತೊಳೆದುಕೊಂಡ್ರಾ, ತಾಯಿಯ ಬಿಪಿ ನೋಡಿದ್ರಾ, ಮಗುವನ್ನು ಬೆಚ್ಚಗೆ ಇಟ್ರಾ – ಹೀಗೆ ಒಂದೊಂದಕ್ಕೂ ಟಿಕ್ ಹಾಕುವ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿತು. 2010ರಲ್ಲಿ ಅದನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ನಮ್ಮ ಕರ್ನಾಟಕದ್ದೇ ಒಂದು ತಾಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ. ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗ್ತಿತ್ತು. ಪಟ್ಟಿ ಬಂದ ಮೇಲೆ 25 ಆಯ್ತು. ಎಷ್ಟು ಸಲೀಸು! ಒಂದು ಹಾಳೆ, ಒಂದು ಪೆನ್ನು. ನಾಳೆಯೇ ದೇಶಕ್ಕೆಲ್ಲ ಹಂಚಬಹುದಿತ್ತು.

ಆದರೆ ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆ. 2017ರಲ್ಲಿ ಫಲಿತಾಂಶ ಬಂತು. ಪಟ್ಟಿ ಮತ್ತು ತರಬೇತಿ ಕೊಟ್ಟ ಕಡೆ ನರ್ಸ್‌ಗಳು ನಿಜವಾಗಿಯೂ ಚೆನ್ನಾಗಿ ಕೆಲಸ ಮಾಡ್ತಿದ್ದರು. ಆದರೆ ತಾಯಿ–ಮಗುವಿನ ಸಾವು ಮತ್ತು ತಾಯಿಗೆ ಬರುವ ಗಂಭೀರ ತೊಂದರೆ ಎಲ್ಲ ಸೇರಿ ಒಂದು ಕಡೆ ಶೇ. 15.1, ಇನ್ನೊಂದು ಕಡೆ ಶೇ. 15.3. ಅಂದ್ರೆ ವ್ಯತ್ಯಾಸವೇ ಇಲ್ಲ. ಕೈ ತೊಳೆಯೋದು ಬೇಕೇ ಬೇಕು. ಆದರೆ ರಕ್ತ ಬೇಕಾದಾಗ ರಕ್ತ, ಆಪರೇಷನ್ ಬೇಕಾದಾಗ ಸರ್ಜನ್, ಹೊರಡಬೇಕಾದಾಗ ಆಂಬುಲೆನ್ಸ್ – ಇವನ್ನೆಲ್ಲ ಒಂದು ಹಾಳೆ ತಂದುಕೊಡಲಾರದು.

ಇಲ್ಲಿ ನನ್ನ ಕಾಲೇಜು ದಿನ ನೆನಪಾಗುತ್ತೆ. ಇಂಜಿನಿಯರಿಂಗ್ ಲ್ಯಾಬಿನಲ್ಲಿ ಎಷ್ಟೋ ಸಲ ನಾವು ಮೀಟರ್ ನೋಡ್ತಿರಲಿಲ್ಲ. ಸೀನಿಯರ್‌ಗಳ ರೆಕಾರ್ಡ್ ಬುಕ್ ನೋಡಿ ರೀಡಿಂಗ್ ಬರೀತಿದ್ವಿ. ಗ್ರಾಫ್ ಏನೋ ಚೆನ್ನಾಗೇ ಬರ್ತಿತ್ತು, ಮೋಟಾರು ಮಾತ್ರ ತಿರುಗ್ತಿರಲಿಲ್ಲ. ಸರ್ಕಾರದ ಎಷ್ಟೋ ಪ್ರಗತಿ ಪರಿಶೀಲನಾ ಸಭೆಗಳು ನಮ್ಮ ಆ ರೆಕಾರ್ಡ್ ಬುಕ್ಕಿನ ಹಾಗೇ. ತರಬೇತಿ ಶೇ. 100, ಔಷಧಿ ಸರಬರಾಜು ಶೇ. 98, ಕಿಟ್ ವಿತರಣೆ ಪೂರ್ಣ. ರೋಗಿ?

ಇಷ್ಟೆಲ್ಲ ಸರ್ಕಾರಕ್ಕೆ ಹೇಳಿದ ಮೇಲೆ ನಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಕಲ್ಲ. 2025ರ ಜೂನ್–ಜುಲೈ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಂತ ನಾವೆಲ್ಲ ದಿನಾ ಸ್ಕೋರ್ ಹಾಕಿದ ಹಾಗೆ ಹಾಕಿದ್ವಿ. ಇವತ್ತು ಇಷ್ಟು, ಒಟ್ಟು ಇಷ್ಟು. ಸತ್ತವರ ಮನೆಯವರ ದುಃಖ ನಿಜ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಾವು ಕೇಳದೇ ಇದ್ದ ಪ್ರಶ್ನೆ ಒಂದಿತ್ತು: ಹಿಂದಿನ ವರ್ಷ ಇದೇ ತಿಂಗಳಲ್ಲಿ ಎಷ್ಟು? 2011ರ ಜನಗಣತಿಯಲ್ಲೇ 17 ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆ ಅದು. ಯಾವ ತಿಂಗಳು ತೆಗೆದುಕೊಂಡರೂ ಹೃದಯಾಘಾತದ ಸಾವು ಇದ್ದೇ ಇರುತ್ತೆ. ಈ ಸಲ ಜಾಸ್ತಿಯೋ ಅಲ್ಲವೋ ಅಂತ ಹೇಳಬೇಕಾದರೆ ಹೋಲಿಸೋಕೆ ಇನ್ನೊಂದು ಅಂಕಿ ಬೇಕು. ಅದು ನಮ್ಮ ಹತ್ತಿರ ಇರಲಿಲ್ಲ. ಇಲ್ಲ ಅಂತ ನಾವು ಹೇಳಲೂ ಇಲ್ಲ.

ಪರಿಣಾಮ ಏನಾಯ್ತು? ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಎದೆನೋವೇ ಇಲ್ಲದವರು ಇಸಿಜಿಗೆ ನಿಂತರು. ನಿಜವಾಗಿ ನೋವಿದ್ದವರು ಆ ಸಾಲಿನ ಹಿಂದೆ ನಿಂತರು. ಕೋವಿಡ್ ಲಸಿಕೆಯೇ ಕಾರಣ ಅನ್ನುವ ಮಾತು ಊರೂರಿಗೆ ಹಬ್ಬಿತು. ಆಮೇಲೆ ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧವೇ ಇಲ್ಲದ ಸಾವು. ಅಸಹಜ ಏರಿಕೆ ಕಂಡಿಲ್ಲ, ಲಸಿಕೆಗೂ ಇದಕ್ಕೂ ನಂಟು ಕಂಡಿಲ್ಲ ಅಂತ ವರದಿ ಬಂತು. ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಸರ್ಕಾರ ಹೇಳಿತು. ಆ ಕಡೆಯ ಮಾತು ನನಗೆ ಒಳ್ಳೇ ನಿರ್ಧಾರ ಅನ್ನಿಸಿತು. ಯಾಕಂದ್ರೆ ಮುಂದಿನ ಸಲ ಇಂಥ ಗಾಬರಿ ಎದ್ದಾಗ ಹೋಲಿಸಿ ನೋಡೋಕೆ ಹಿಂದಿನ ಲೆಕ್ಕ ಇರುತ್ತೆ. ವರದಿಗೆ ನಾವು ಕೊಟ್ಟ ಸಮಯ, ಸ್ಕೋರ್‌ಗೆ ಕೊಟ್ಟ ಸಮಯದ ಎಷ್ಟನೇ ಒಂದು ಪಾಲು ಅಂತ ದಯವಿಟ್ಟು ಕೇಳಬೇಡಿ.

ಈಗ ಮತ್ತೆ ದುರ್ಗದ ಬುಡಕ್ಕೆ ಬರೋಣ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯ ದೊಡ್ಡ ಆರೋಗ್ಯ ಸಮಸ್ಯೆ ಆಸ್ಪತ್ರೆಯ ಒಳಗಿಲ್ಲ, ಬೋರ್‌ವೆಲ್ಲಿನೊಳಗಿದೆ. ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ ಒಂದೂವರೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಪಟ್ಟೆ, ಆಮೇಲೆ ಕೀಲು ಹಿಡಿಯೋದು, ಬೆನ್ನು ಬಾಗೋದು. ನಮ್ಮಜ್ಜಿ ನೆಟ್ಟಗೆ ನಿಂತಿದ್ದನ್ನು ನಾನು ನೋಡಿಲ್ಲ. "ವಯಸ್ಸಾಯ್ತಲ್ಲಪ್ಪ" ಅಂತಿದ್ದಳು. ಅವಳದೇ ವಯಸ್ಸಿನ ಬೆಂಗಳೂರಿನ ಅಜ್ಜಿಯಂದಿರು ಪಾರ್ಕಿನಲ್ಲಿ ವಾಕಿಂಗ್ ಮಾಡೋದನ್ನು ನೋಡಿದ ಮೇಲೆ ನನಗೆ ಅದು ಬರೀ ವಯಸ್ಸಲ್ಲ ಅನ್ನಿಸಿತು.

ಸರ್ಕಾರ ಸುಮ್ಮನೆ ಕೂತಿಲ್ಲ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ತೀರಿ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ದೊಡ್ಡ ಯೋಜನೆಯೂ ಇದೆ. ಆದರೆ ಲೆಕ್ಕ ಹೇಗಿಡ್ತೀವಿ? ಎಷ್ಟು ಘಟಕ ಹಾಕಿದ್ವಿ ಅಂತ. ಅದು ಮೆಷಿನ್ ಲೆಕ್ಕ. ಘಟಕ ಕೆಟ್ಟು ನಿಂತಿದ್ದರೂ ಲೆಕ್ಕದಲ್ಲಿ ಒಂದೇ. ಕುಡಿಯೋಕೆ ಕ್ಯಾನ್ ನೀರು ತಂದು, ಮುದ್ದೆಗೆ, ಸಾರಿಗೆ ಬೋರ್ ನೀರನ್ನೇ ಎಸರಿಡ್ತಿದ್ದರೂ ಲೆಕ್ಕದಲ್ಲಿ ಒಂದೇ. ಗೊತ್ತಿರಲಿ, ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ.

ಹಾಗಾದ್ರೆ ಸರಿಯಾದ ಲೆಕ್ಕ ಯಾವುದು? ಅದಕ್ಕೆ ಕೋಟಿ ಬೇಕಿಲ್ಲ, ಹಾರ್ವರ್ಡ್ ಬೇಕಿಲ್ಲ. ನಿಮ್ಮೂರ ಶಾಲೆಯ ಮೂರನೇ ಕ್ಲಾಸಿಗೆ ಹೋಗಿ, ಮಕ್ಕಳಿಗೆ ನಗೋಕೆ ಹೇಳಿ.

ಮಾತು ತಮಾಷೆಯಲ್ಲ. ಮುಂದಿನ ಕಾಯಂ ಹಲ್ಲುಗಳು ವಸಡಿನ ಒಳಗೆ ತಯಾರಾಗೋದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ. ಅವು ಹೊರಗೆ ಬರೋದು ಆರರಿಂದ ಎಂಟನೇ ವಯಸ್ಸಿಗೆ. ಅಂದ್ರೆ ಎಂಟು ವರ್ಷದ ಮಗುವಿನ ಮುಂದಿನ ಹಲ್ಲಿನ ಮೇಲೆ ಅದು ಹಾಲು ಕುಡಿಯುವ ಕಾಲದಿಂದ ನಾಲ್ಕೈದು ವರ್ಷ ಆ ಮನೆಗೆ ಎಂಥ ನೀರು ಬಂತು ಅನ್ನೋದು ಬರೆದಿರುತ್ತೆ. ಪ್ರತಿ ವರ್ಷ ಮೂರನೇ ಕ್ಲಾಸಿನ ಮಕ್ಕಳ ಹಲ್ಲು ನೋಡಿ, ಪಟ್ಟೆ ಇರುವವರು ಎಷ್ಟು, ಇಲ್ಲದವರು ಎಷ್ಟು ಅಂತ ಬರೆದಿಡಿ. ಘಟಕ ಬಂದ ಊರು, ಬರದ ಊರು ಅಕ್ಕಪಕ್ಕ ಇಟ್ಟು ನೋಡಿ. ಘಟಕ ಬಂದು ಎಂಟು ವರ್ಷವಾದ ಮೇಲೂ ಪಟ್ಟೆ ಅಷ್ಟೇ ಇದ್ದರೆ, ಇನ್ನೊಂದು ಘಟಕ ಹಾಕೋದಲ್ಲ ಪರಿಹಾರ; ಅಡುಗೆ ನೀರಿನ ಬಗ್ಗೆ ಯೋಚಿಸಬೇಕು, ಮೆಂಬ್ರೇನ್ ಬದಲಾಯಿಸ್ತಿದ್ದಾರಾ ಅಂತ ನೋಡಬೇಕು, ನದಿ ನೀರು ಬೇಗ ಬೇಕು ಅಂತ ಪಟ್ಟು ಹಿಡಿಯಬೇಕು. ಕಡಿಮೆಯಾಗಿದ್ದರೆ ಆ ಊರಲ್ಲಿ ಏನು ಮಾಡಿದರೋ ಅದನ್ನೇ ಪಕ್ಕದ ಊರಲ್ಲೂ ಮಾಡಬೇಕು.

ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಹೇಗೂ ಬರುತ್ತೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರಲ್ಲಿ ಊರಿನವರಿಗೂ ಜಾಗ ಇದೆ. ಮುಂದಿನ ಸಭೆಯಲ್ಲಿ, ಇಲ್ಲವೇ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಒಂದು, ಈ ದುಡ್ಡಿನಿಂದ ರೋಗಿಗೆ ಏನು ಬದಲಾಗಬೇಕು ಅಂತ ಅಂದುಕೊಂಡಿದ್ದೀರಿ? ಎರಡು, ಬದಲಾಯಿತು ಅಂತ ಹೇಳೋಕೆ ಯಾವುದರ ಜೊತೆ ಹೋಲಿಸ್ತೀರಿ? ಮೂರು, ಬದಲಾಗದಿದ್ದರೆ ಏನು ಮಾಡ್ತೀರಿ, ಯಾವಾಗ? ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದ ಯೋಜನೆ ಗೋಡೆ ಮೇಲಿನ ಮೆಷಿನ್ ಆಗಿಬಿಡುತ್ತೆ.

ಸಾಕ್ಷ್ಯ ಎಲ್ಲವನ್ನೂ ಹೇಳೋದಿಲ್ಲ. ಯಾರಿಗೆ ಮೊದಲು ಕೊಡಬೇಕು, ಯಾವುದು ನ್ಯಾಯ ಅನ್ನೋದನ್ನು ಅಂಕಿ ತೀರ್ಮಾನಿಸಲ್ಲ, ಅದನ್ನ ನಾವೇ ಕೂತು ತೀರ್ಮಾನಿಸಬೇಕು. ತುರ್ತು ಬಂದಾಗ ಅಧ್ಯಯನ ಮುಗೀಲಿ ಅಂತ ಕಾಯೋಕೂ ಆಗೋದಿಲ್ಲ. ಆದರೆ ಮಾಡಿದ್ದು ಫಲಿಸಿತೋ ಇಲ್ಲವೋ ಅಂತ ತಿರುಗಿ ನೋಡೋಕೆ ಯಾವ ತುರ್ತೂ ಅಡ್ಡಿ ಬರೋದಿಲ್ಲ. ತಿರುಗಿ ನೋಡದೇ ಇರೋಕೆ ಕಾರಣ ಒಂದೇ, ಕಂಡದ್ದು ನಮಗೆ ಇಷ್ಟವಾಗದೇ ಇದ್ದರೆ ಅನ್ನೋ ಅಂಜಿಕೆ.

ಅವತ್ತು ಅಜ್ಜಿಗೆ ಸಿಸ್ಟರಮ್ಮ ಬಿಪಿ ನೋಡಿದರು, ಒಂದು ತಿಂಗಳ ಮಾತ್ರೆ ಎಣಿಸಿ ಕೊಟ್ಟರು, ಉಪ್ಪು ಕಡಿಮೆ ಮಾಡಬೇಕು ಅಂತ ಗದರಿದರು. ಅವರ ಹಾಜರಿಗೆ ಆ ಮೆಷಿನ್ ಕಾರಣವೋ, ಅವರ ಮನಸ್ಸೇ ಕಾರಣವೋ ನಾನು ಕೇಳಲಿಲ್ಲ. ಮೇಲಿನವರಿಗೆ ಗೊತ್ತಾದ್ರೆ ನಮಗೇನಾಯ್ತದೆ ಅನ್ನೋ ಅಜ್ಜಿಯ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಅರ್ಧ ಉತ್ತರ ಇದೆ: ಗೊತ್ತಾದವರು ಏನಾದರೂ ಮಾಡಿದರೆ ಆಗುತ್ತೆ ಅಜ್ಜಿ, ಬರೀ ಗೊತ್ತಾದರೆ ಏನೂ ಆಗೋದಿಲ್ಲ. ಉಳಿದ ಅರ್ಧವನ್ನು ನಿಮ್ಮೂರ ಸಭೆಯಲ್ಲಿ ನೀವು ಕೇಳಿ ಪಡೀಬೇಕು.

ಮೂರನೇ ಕ್ಲಾಸಿನ ಮಕ್ಕಳನ್ನು ಮರೀಬೇಡಿ.